ಬಡವರು ಯಾರೆಂದು ಊರೇ ಹೇಳಿದಾಗ

ಸಮಾಜಶಾಸ್ತ್ರದ ಮೊದಲ ವರ್ಷದ ಪಾಠದಲ್ಲಿ ಅಸಮಾನತೆ ಎಂದೊಡನೆ ಮ್ಯಾಕ್ಸ್ ವೇಬರ್ ಬರುತ್ತಾನೆ. ವರ್ಗ, ಅಂತಸ್ತು, ಅಧಿಕಾರ ಎಂಬ ಅವನ ಮೂರು ಮಾತುಗಳೂ ಬರುತ್ತವೆ. ಈ ಮೂರೂ ಒಂದೇ ಹೊಲದಲ್ಲಿ ಹೆಣೆದುಕೊಂಡಿರುವುದನ್ನು ನೋಡಬೇಕೆಂದರೆ ಜಹೀರಾಬಾದ್, ನಾರಾಯಣಖೇಡ್ ಸೀಮೆಗೆ ಹೋಗಬೇಕು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ಆಮೇಲೆ ಆಂಧ್ರಪ್ರದೇಶಕ್ಕೆ ಸೇರಿದವು. ಗಡಿ ಬದಲಾದರೂ ಎರಡೂ ಕಡೆಯ ತಟ್ಟೆಯಲ್ಲಿ ಇದ್ದದ್ದು ಅದೇ ಜೋಳದ ರೊಟ್ಟಿ.

1983ರಲ್ಲಿ ಆಂಧ್ರಪ್ರದೇಶ ಸರ್ಕಾರ ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡತೊಡಗಿತು. ಹಸಿದವರಿಗೆ ಅದು ದೊಡ್ಡ ಆಸರೆ. ಆದರೆ ರೇಷನ್ ಅಂಗಡಿಯಲ್ಲಿ ಅಕ್ಕಿಗಷ್ಟೇ ಜಾಗವಿತ್ತು. ಮಳೆ ನಂಬಿದ ತೆಳು ನೆಲದ ಜೋಳ, ಸಜ್ಜೆ, ನವಣೆಗೆ ಅಲ್ಲಿ ಬೆಲೆಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಊಟದಲ್ಲೂ ಮೇಲುಕೀಳು ಬಂತು.

ಅದೇ ವರ್ಷ ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಹುಟ್ಟಿತು. ದೂರದರ್ಶನದ ಕೆಲಸ ಬಿಟ್ಟು ಬಂದ ಮೈಸೂರಿನ ಪಿ.ವಿ. ಸತೀಶ್ ಅದನ್ನು ಕಟ್ಟಿದವರಲ್ಲಿ ಮುಖ್ಯರು; ಅವರು 2023ರಲ್ಲಿ ತೀರಿಕೊಂಡರು. ಸೊಸೈಟಿಯ ಬೆನ್ನೆಲುಬು ದಲಿತ ಮಹಿಳೆಯರ ಸಂಘಗಳು. ಬೀಳುಬಿದ್ದ ಹೊಲಗಳನ್ನು ಸಾಲ ಕೊಟ್ಟು ಉಳುಮೆ ಮಾಡಿಸಿ, ಆ ಸಾಲವನ್ನು ಜೋಳದಲ್ಲೇ ಮರಳಿ ಪಡೆದು, ಊರಲ್ಲೇ ದಾಸ್ತಾನು ಮಾಡಿ, ಬಡವರಿಗೆ ಕಡಿಮೆ ದರದಲ್ಲಿ ಹಂಚಿದ ಧಾನ್ಯನಿಧಿ ಇವರ ದೊಡ್ಡ ಪ್ರಯೋಗ.

ಇದರಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದದ್ದು ಹಂಚಿಕೆಗೂ ಮುಂಚಿನ ಕೆಲಸ. ಊರವರು ಬಯಲಲ್ಲಿ ಕೂತು ರಂಗೋಲಿ ಪುಡಿಯಿಂದ ನೆಲದ ಮೇಲೆ ಊರಿನ ನಕ್ಷೆ ಬರೆದರು. ಒಂದೊಂದು ಮನೆಯನ್ನೂ ಗುರುತಿಸಿ, ಯಾವ ಮನೆಗೆ ಎಷ್ಟು ಕಷ್ಟ ಎಂದು ಎಲ್ಲರೆದುರು ತೀರ್ಮಾನಿಸಿದರು. ಹೆಚ್ಚು ಬಡವರಿಗೆ ಹೆಚ್ಚು ಕಾಳು. ಬಡತನವನ್ನು ಅಳೆಯುವ ಅಧಿಕಾರ ಕಚೇರಿಯಿಂದ ಬಯಲಿಗೆ ಬಂತು. ನೀತಿ ಸಮಾಜದೊಳಗಿಂದಲೇ ಹುಟ್ಟುತ್ತದೆ ಎಂದ ಸಮಾಜಶಾಸ್ತ್ರಜ್ಞ ದರ್ಖೈಮ್‌ನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಾಲ್ಕು ಜನರೆದುರು ಬಡವ ಎನಿಸಿಕೊಳ್ಳುವ ಸಂಕೋಚ ಇದ್ದೇ ಇದೆ, ಸುಳ್ಳಲ್ಲ. ಆದರೂ ಗುಟ್ಟಾಗಿ ತಯಾರಾದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗುವುದಕ್ಕಿಂತ ಇದು ಮೇಲು. ಇಲ್ಲಿ ಎದ್ದು ನಿಂತು ಪ್ರಶ್ನಿಸಬಹುದು.

ಬೀಜದ ವ್ಯವಹಾರವೂ ಹಾಗೆಯೇ, ಸಂಘದ ಕೈಯಲ್ಲೇ. ಮಣ್ಣು ಮೆತ್ತಿದ ಬುಟ್ಟಿಗಳಲ್ಲಿ ಬೂದಿ, ಬೇವಿನೆಲೆ ಬೆರೆಸಿ ಕಾಪಿಟ್ಟ ಬೀಜವನ್ನು ಪಡೆದವಳು ಸುಗ್ಗಿಯಲ್ಲಿ ಎರಡರಷ್ಟು ಮರಳಿಸಬೇಕು. ಸಾಹುಕಾರನ ಬಡ್ಡಿಯಂತೆ ಕಂಡರೂ ಹೆಚ್ಚುವರಿ ಬೀಜ ಸಂಘದ ಬುಟ್ಟಿಗೇ ಸೇರಿ, ಮುಂದಿನ ವರ್ಷ ಇನ್ನೊಬ್ಬಳ ಹೊಲಕ್ಕೆ ಹೋಗುತ್ತದೆ.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಊರಿನಲ್ಲಿ ಮೇಲುಗೈ ಪಡೆದ 'ಪ್ರಬಲ ಜಾತಿ'ಯನ್ನು ವಿವರಿಸುವಾಗ ಭೂಮಿಯ ಒಡೆತನಕ್ಕೆ ದೊಡ್ಡ ತೂಕ ಕೊಟ್ಟರು. ಧಾನ್ಯನಿಧಿ ಕಾಳನ್ನು ಹಂಚಿತು, ಬಡವರ ಬರಡು ತುಂಡನ್ನು ಹಸಿರು ಮಾಡಿತು. ನೀರಿರುವ ಒಳ್ಳೆಯ ಹೊಲ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಮುಟ್ಟಲಿಲ್ಲ. ಒಂದು ಸಂಸ್ಥೆಯಿಂದ ಅಷ್ಟನ್ನು ಬಯಸುವುದು ಅತಿಯಾದೀತು. ಆದರೆ ಈ ಕೆಲಸವನ್ನು ಸಿರಿಧಾನ್ಯದ ಕಥೆಯಾಗಿ ಮಾತ್ರ ಹೊಗಳುವವರು ಆ ಪ್ರಶ್ನೆಯನ್ನೇ ಮರೆಸುತ್ತಾರೆ.

ಬೀದರಿನಿಂದ ಜಹೀರಾಬಾದಿಗೆ ಸುಮಾರು 30 ಕಿಲೋಮೀಟರ್. ಬೀದರಿನ ಕಾಲೇಜುಗಳ ಸಮಾಜಶಾಸ್ತ್ರ ಮೇಷ್ಟ್ರುಗಳು ವಿದ್ಯಾರ್ಥಿಗಳನ್ನು ಒಮ್ಮೆ ಈ ಊರುಗಳಿಗೆ ಕರೆದುಕೊಂಡು ಹೋಗಲಿ. ಬೀಜದ ಬುಟ್ಟಿ ನೋಡಿದ ಮೇಲೆ, ಹೊಲದ ಪಟ್ಟಾ ಯಾರ ಹೆಸರಿನಲ್ಲಿದೆ ಎಂದೂ ಕೇಳಿ ಬರಲಿ.