‘ಕಂಪ್ಯಾನಿಯನ್’: ರೊಟ್ಟಿಯ ನಿಷ್ಪತ್ತಿ ಮತ್ತು ಸಂಬಳದ ಅರ್ಥ

ಇಂಗ್ಲಿಷಿನ ‘ಕಂಪ್ಯಾನಿಯನ್’ ಪದವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಅದರ ನಿಷ್ಪತ್ತಿಯಿಂದಲೇ ಆರಂಭವಾಗುತ್ತದೆ. ಲ್ಯಾಟಿನ್ನಿನ ‘ಕೊಮ್’ ಎಂದರೆ ಕೂಡೆ, ‘ಪಾನಿಸ್’ ಎಂದರೆ ರೊಟ್ಟಿ. ಆದುದರಿಂದ ಒಂದೇ ರೊಟ್ಟಿಯನ್ನು ಹಂಚಿಕೊಳ್ಳುವವನೇ ಕಂಪ್ಯಾನಿಯನ್. ನಿಷ್ಪತ್ತಿಯ ಬಗೆಗೆ ನಮ್ಮ ತಕರಾರಿಲ್ಲ. ಗಾಥಿಕ್ ಭಾಷೆಯ ‘ಗಹ್ಲೈಬ’ ಪದದ ರಚನೆಯೂ ಇದೇ ಆಗಿದ್ದು, ಲ್ಯಾಟಿನ್ ರೂಪವು ಜರ್ಮಾನಿಕ್ ಪದವೊಂದರ ಪಡಿಯಚ್ಚೆಂಬ ಅಭಿಪ್ರಾಯಕ್ಕೆ ಅದು ಪುಷ್ಟಿ ಕೊಡುತ್ತದೆ. ಆದರೆ ಈ ರೊಟ್ಟಿಯಿಂದ ಸಮಾನತೆಯನ್ನು ಹಿಂಡಿ ತೆಗೆದು ಅದನ್ನೇ ಪದದ ಇಂದಿನ ಅರ್ಥವೆನ್ನುವುದನ್ನು ನಾವು ಒಪ್ಪಲಾರೆವು.

ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ‘ಫ್ರೆಂಡ್’ ಪದವನ್ನು ಎರಡೂ ಕಡೆಯಿಂದ ಸಲೀಸಾಗಿ ಬಳಸಬಹುದು. ‘ಕಂಪ್ಯಾನಿಯನ್’ ಏಕವಚನದಲ್ಲಿ ಸಾಮಾನ್ಯವಾಗಿ ಒಬ್ಬರನ್ನು ನೆಲೆಯಾಗಿಟ್ಟು ಇನ್ನೊಬ್ಬರನ್ನು ಅವರಿಗೆ ಸೇರಿಸಿ ಗುರುತಿಸುತ್ತದೆ. ಬಹುವಚನದಲ್ಲಿ ಮಾತ್ರ ಈ ದಿಕ್ಕು ಮಸುಕಾಗುತ್ತದೆ. 1862ರಲ್ಲಿ ದೂರದರ್ಶಕಕ್ಕೆ ಸಿಕ್ಕ ಮಂಕು ನಕ್ಷತ್ರವನ್ನು ಖಗೋಳಜ್ಞರು ಲುಬ್ಧಕದ ಕಂಪ್ಯಾನಿಯನ್ ಎನ್ನುತ್ತಾರೆ. ಎರಡೂ ಒಂದೇ ಕೇಂದ್ರದ ಸುತ್ತ ತಿರುಗುತ್ತಿದ್ದರೂ, ಲುಬ್ಧಕವನ್ನು ಆ ಮಂಕು ನಕ್ಷತ್ರದ ಕಂಪ್ಯಾನಿಯನ್ ಎಂದು ಕರೆಯುವ ರೂಢಿಯಿಲ್ಲ. ಬ್ರಿಟಿಷರು ಇಂಡಿಯಾದಲ್ಲಿ ಹಂಚುತ್ತಿದ್ದ ‘ಸಿ.ಐ.ಇ.’ ಬಿರುದಿನ ಮೊದಲ ಅಕ್ಷರವೂ ಇದೇ ಪದದ್ದು. ಮೂರು ದರ್ಜೆಗಳಲ್ಲಿ ಅದು ಕೊನೆಯದು.

ಈ ಅಸಮತೆ ಅತ್ಯಂತ ಸ್ಪಷ್ಟವಾಗಿರುವುದು ಸಂಬಳದ ಕಂಪ್ಯಾನಿಯನ್ನಳಲ್ಲಿ. ಡ್ಯಾಫ್ನೆ ದು ಮೋರಿಯೆಯ ‘ರೆಬೆಕ್ಕಾ’ (1938) ಕಾದಂಬರಿಯ ನಿರೂಪಕಿ ಆರಂಭದಲ್ಲಿ ಸಿರಿವಂತ ಹೆಂಗಸೊಬ್ಬಳ ಕಂಪ್ಯಾನಿಯನ್. ಅವಳು ಆಕೆಯೊಡನೆಯೇ ಕುಳಿತು ಉಣ್ಣುತ್ತಾಳೆ, ಅಂದರೆ ರೊಟ್ಟಿಯ ಷರತ್ತು ಪೂರೈಸಿದೆ. ಆದರೂ ಅವಳು ಗೆಳತಿಯಲ್ಲ, ಆಳೂ ಅಲ್ಲ. ಇಂಥವಳನ್ನು ಕನ್ನಡದಲ್ಲಿ ‘ಸಂಗಾತಿ’ ಎಂದರೆ ಓದುಗರು ಏನೆಂದು ತಿಳಿಯಬೇಕು? ಬಾಳಸಂಗಾತಿಯ ಪ್ರಭಾವದಿಂದ ಆ ಪದ ಇಂದು ದಾಂಪತ್ಯದ ಕಡೆಗೆ ವಾಲಿದೆ. ‘ಸಹಚರ’ದ ಗತಿ ಇನ್ನೂ ವಿಚಿತ್ರ: ಪತ್ರಿಕೆಗಳಲ್ಲಿ ರೌಡಿಗಳಿಗೆ ಸಹಚರರಿರುತ್ತಾರೆ, ಪ್ರಾಧ್ಯಾಪಕರಿಗೆ ಇರುವುದಿಲ್ಲ. ‘ಒಡನಾಡಿ’ಯಲ್ಲಿ ಸಲುಗೆ ಹೆಚ್ಚು. ದ್ವಿಭಾಷಾ ನಿಘಂಟುಗಳು ಈ ಮೂರನ್ನೂ ಅಲ್ಪವಿರಾಮಗಳ ನಡುವೆ ಸಾಲಾಗಿ ಇಟ್ಟಾಗ, ಅವು ಒಂದಕ್ಕೊಂದು ಬದಲಿಯೆಂಬ ಭ್ರಮೆ ಹುಟ್ಟುತ್ತದೆ.

ಕನ್ನಡದಲ್ಲಿ ಸಾಧನವಿಲ್ಲವೆಂದಲ್ಲ. ‘ರಾಜಮ್ಮ, ಗಿರಿಜೆ ಜೊತೆಯಾಗಿ ಹೋದರು’ ಎಂಬಲ್ಲಿ ಇಬ್ಬರೂ ಸಮ. ‘ರಾಜಮ್ಮನ ಜೊತೆ ಗಿರಿಜೆ ಹೋದಳು’ ಎಂಬಲ್ಲಿ ಪಯಣ ರಾಜಮ್ಮನದೆಂಬ ಭಾವನೆ ಬರುತ್ತದೆ. ನಮಗೆ ಬೇಕಾದದ್ದು ಷಷ್ಠಿಯನ್ನು ಬಯಸುವ ಈ ಎರಡನೆಯ ‘ಜೊತೆ’. ಆದುದರಿಂದ ಸಂಬಳದ ಅರ್ಥವನ್ನು ನಿಘಂಟು ಪ್ರತ್ಯೇಕ ಅಂಕಿಯಡಿ ಕೊಟ್ಟು, ‘ಜೊತೆಗಿರಲು ಗೊತ್ತುಮಾಡಿಕೊಂಡ ಹೆಂಗಸು’ ಎಂದು ವಿವರಿಸಲಿ ಎಂಬುದು ನಮ್ಮ ಸೂಚನೆ. ಅನುವಾದಕರಿಗೆ ಇದು ಉದ್ದವೆನಿಸೀತು. ಮೊದಲ ಪ್ರಸ್ತಾಪದಲ್ಲಿ ಹೀಗೆ ಬರೆದು, ಮುಂದೆ ‘ಜೊತೆಗಾತಿ’ ಎಂದು ಮೊಟಕುಗೊಳಿಸಿದರೆ ಸಾಕು.