ನಿಧನವಾರ್ತೆಯಲ್ಲಿ ಇಲ್ಲದ ವರದಿಗಾರ

ತಾಲ್ಲೂಕು ಕೇಂದ್ರದ ಹಿರಿಯ ವರದಿಗಾರರೊಬ್ಬರು ತೀರಿಕೊಂಡ ಮರುದಿನ ಪತ್ರಿಕೆಯ ಒಳಪುಟದಲ್ಲಿ ಬರುವ ಸುದ್ದಿ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಹೆಸರು, ವಯಸ್ಸು, ಮೂರು ನಾಲ್ಕು ದಶಕಗಳ ಸೇವೆ, ಸರಳ ಸಜ್ಜನಿಕೆ, ಪತ್ನಿ, ಮಕ್ಕಳು, ಅಪಾರ ಬಂಧುಬಳಗ, ಅಂತ್ಯಕ್ರಿಯೆಯ ಹೊತ್ತು, ಸಂಘದವರ ಸಂತಾಪ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಕಡೆಯಿಂದ ಇಂಥ ಸುದ್ದಿ ಬಂದಾಗಲೆಲ್ಲ ನಾನು ಹುಡುಕುವುದು ಒಂದನ್ನೇ: ಆ ಮನುಷ್ಯ ಬರೆದ ಯಾವುದಾದರೂ ಒಂದು ವರದಿಯ ಪ್ರಸ್ತಾಪ. ಅದು ಇರುವುದಿಲ್ಲ. ಕವಿ ಸತ್ತರೆ ಕವಿತೆಯನ್ನು ನೆನೆಯುತ್ತೇವೆ, ನಟ ಸತ್ತರೆ ಪಾತ್ರವನ್ನು. ವರದಿಗಾರನನ್ನು ಮಾತ್ರ ಒಳ್ಳೆಯವನಿದ್ದ ಎಂದು ಕಳಿಸಿಬಿಡುತ್ತೇವೆ. ಈ ಹೊಗಳಿಕೆಯನ್ನು ನಾನು ಗೌರವವೆಂದು ಒಪ್ಪಲಾರೆ. ಅವರ ಕೆಲಸವನ್ನು ಓದಬೇಕು, ತೂಗಬೇಕು, ಕೊರತೆ ಕಂಡರೆ ಹೇಳಬೇಕು.

ಹಾವೇರಿ ಸೀಮೆಗೆ ಪತ್ರಿಕೆ ಹೊಸದೇನಲ್ಲ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ಸಂಪಾದಿಸಿದ ಗಳಗನಾಥರು ತಮ್ಮ ಪುಸ್ತಕಗಳ ಗಂಟು ಹೊತ್ತು ಊರೂರು ತಿರುಗಿದವರು. ಕುರಬಗೊಂಡದಲ್ಲಿ ಹುಟ್ಟಿದ ಪಾಟೀಲ ಪುಟ್ಟಪ್ಪ 1954ರಲ್ಲಿ ‘ಪ್ರಪಂಚ’ ವಾರಪತ್ರಿಕೆ ಕಟ್ಟಿದರು. 2020ರ ಮಾರ್ಚ್‌ನಲ್ಲಿ ಅವರು ಹೋದಾಗ ನಾಡೇ ಮಾತಾಡಿತು. ಆದರೆ ಇವರಿಬ್ಬರೂ ಸಂಪಾದಕರು. ಬರೆದದ್ದರ ಕೆಳಗೆ ಅವರ ಹೆಸರಿತ್ತು. ತಾಲ್ಲೂಕು ವರದಿಗಾರನ ಸುದ್ದಿಯ ತಲೆಯ ಮೇಲಿರುವುದು ಊರಿನ ಹೆಸರು ಮತ್ತು ಪತ್ರಿಕೆಯ ಹೆಸರು. ಬರೆದವರು ಯಾರೆಂದು ಊರಿಗಷ್ಟೇ ಗೊತ್ತು.

ಮೊಬೈಲ್ ಬರುವ ಮುಂಚಿನ ಆ ದಿನಚರಿ ಈಗಿನ ಹುಡುಗರಿಗೆ ತಿಳಿಯದು. ನಸುಕಿನಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಪೇಪರ್ ಬಂಡಲ್ ಇಳಿಸಿಕೊಳ್ಳಬೇಕು, ಏಕೆಂದರೆ ಎಷ್ಟೋ ಕಡೆ ವರದಿಗಾರನೇ ಏಜೆಂಟ್. ಹಂಚುವ ಹುಡುಗ ಬಾರದಿದ್ದರೆ ಮಗನೇ ಸೈಕಲ್ ಹತ್ತಬೇಕು. ಬೆಳಿಗ್ಗೆ ತಹಶೀಲ್ದಾರ್ ಕಚೇರಿ, ಪೊಲೀಸ್ ಠಾಣೆ, ಎಪಿಎಂಸಿ. ಮಧ್ಯಾಹ್ನ ನ್ಯೂಸ್‌ಪ್ರಿಂಟ್ ಹಾಳೆಯ ಮೇಲೆ ಬರೆದು, ಲಕೋಟೆಗೆ ಹಾಕಿ, ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗಿಟ್ಟು ಕೈಮುಗಿಯಬೇಕು. ಶಿಗ್ಗಾವಿಯವರಿಗೆ ಇದು ಸಲೀಸು, ಹೆದ್ದಾರಿ ಊರಿನ ಪಕ್ಕದಲ್ಲೇ. ಹಿರೇಕೆರೂರಿನಿಂದ ಹುಬ್ಬಳ್ಳಿ ನೂರು ಕಿಲೋಮೀಟರಿನಾಚೆ; ಬಸ್ ತಪ್ಪಿದರೆ ಸುದ್ದಿ ಒಂದು ದಿನ ಹಳತು. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾಗುವವರೆಗೆ ಈ ನಾಲ್ಕೂ ತಾಲ್ಲೂಕುಗಳು ದೊಡ್ಡ ಧಾರವಾಡ ಜಿಲ್ಲೆಯ ದಕ್ಷಿಣದ ಅಂಚು. ಜಾಗಕ್ಕಾಗಿ ಇಡೀ ಜಿಲ್ಲೆಯೊಂದಿಗೆ ಪೈಪೋಟಿ.

ಈ ವರದಿಗಾರಿಕೆ ಗಟ್ಟಿಯಾಗಿರುವುದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಲೇಬೇಕಾದ ಕಡೆ. ಮಳೆ, ಕೆರೆ, ಬೆಳೆ, ದರ. ಹಾನಗಲ್ಲಿನ ಭತ್ತ ಮತ್ತು ಮಾವು, ಸವಣೂರಿನ ವೀಳ್ಯದೆಲೆ, ಎಲ್ಲೆಡೆ ಹಬ್ಬಿದ ಗೋವಿನಜೋಳ: ಇವುಗಳ ಏರಿಳಿತವನ್ನು ವರ್ಷವರ್ಷವೂ ಬರೆದವರು ಇವರೇ. 2019ರ ಆಗಸ್ಟ್‌ನಲ್ಲಿ ವರದಾ, ಧರ್ಮಾ ನದಿಗಳು ಉಕ್ಕಿದಾಗ ಯಾವ ಓಣಿಯ ಮಣ್ಣಿನ ಗೋಡೆ ಮೊದಲು ಕುಸಿಯುತ್ತದೆಂದು ಹೊರಗಿನಿಂದ ಬಂದ ಕ್ಯಾಮೆರಾದವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಸವಣೂರಿನ ದೊಡ್ಡಹುಣಸೆ ಮಠದ ಮೂರು ಮಹಾವೃಕ್ಷಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಆ ಮರಗಳ ಬುಡ ನೋಡುತ್ತಾ ದಿನವೂ ಓಡಾಡುವವನ ಎರಡು ಪ್ಯಾರಾಕ್ಕೆ ಬೇರೆಯದೇ ತೂಕವಿರುತ್ತದೆ.

ದುರ್ಬಲವಾಗುವುದು ಸುದ್ದಿ ತಾನಾಗಿ ಮೇಜಿಗೆ ಬಂದಾಗ. ಮಠದ ಕಾರ್ಯಕ್ರಮ, ಸತ್ಕಾರ ಸಮಾರಂಭ, ಠಾಣೆಯ ಪ್ರಕಟಣೆ, ‘ಮನವಿ ಸಲ್ಲಿಸಿದರು’ ಎಂಬ ಫೋಟೊ. ಈ ಕೊನೆಯದು ನನ್ನ ಮಟ್ಟಿಗೆ ಅತಿ ದೊಡ್ಡ ದೋಷ. 2010ರ ಜುಲೈ ತಿಂಗಳಲ್ಲಿ ಸವಣೂರಿನ ಭಂಗಿ ಸಮುದಾಯದವರು, ತಾವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದರ ವಿರುದ್ಧ, ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಸುದ್ದಿ ದೇಶವನ್ನು ತಲುಪಿತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಕಾನೂನು ಬಂದದ್ದು 1993ರಲ್ಲಿ. ನಡುವಿನ ಹದಿನೇಳು ವರ್ಷ ಅವರ ಕೇರಿಯಲ್ಲಿ ಏನು ನಡೆಯುತ್ತಿತ್ತೆಂಬುದು ಪ್ರತಿಭಟನೆಗಿಂತ ದೊಡ್ಡ ಸುದ್ದಿ. ಮನವಿ ಕೊಟ್ಟ ದಿನ ಫೋಟೊ ಹಾಕಿ, ಆ ಮನವಿ ಏನಾಯಿತೆಂದು ಆರು ತಿಂಗಳ ಮೇಲೆ ಕೇಳದಿರುವ ರೂಢಿ ಇಂಥ ಬದುಕನ್ನು ಕಣ್ಮರೆ ಮಾಡುತ್ತದೆ.

ಕೇಳದಿರುವುದು ಅಂಜಿಕೆಯಿಂದ ಮಾತ್ರವಲ್ಲ. ಯುಗಾದಿ, ದೀಪಾವಳಿ ಪುರವಣಿಗೆ ಜಾಹೀರಾತು ತರುವ ಹೊಣೆಯೂ ವರದಿಗಾರನದೇ, ಅದರ ಕಮಿಷನ್ನಿನಲ್ಲೇ ಮಕ್ಕಳ ಶಾಲೆಯ ಫೀ. ನಿನ್ನೆ ಯಾರ ಹತ್ತಿರ ಶುಭಾಶಯದ ಜಾಹೀರಾತು ಕೇಳಿದನೋ ಇಂದು ಅವರ ಗುತ್ತಿಗೆಯ ರಸ್ತೆಯ ಬಗ್ಗೆ ಬರೆಯಬೇಕು. 1955ರ ಶ್ರಮಿಕ ಪತ್ರಕರ್ತರ ಕಾಯ್ದೆ ಅರೆಕಾಲಿಕರನ್ನೂ ಪತ್ರಕರ್ತರೆಂದಿತು, ಆದರೆ ಪತ್ರಿಕಾವೃತ್ತಿ ಅವರ ಮುಖ್ಯ ವೃತ್ತಿಯಾಗಿರಬೇಕೆಂದಿತು. ಹೊಲ, ಅಂಗಡಿ, ಏಜೆನ್ಸಿಯಿಂದ ಹೊಟ್ಟೆ ಹೊರೆದು, ಅಚ್ಚಾದ ಸುದ್ದಿಗೆ ಇಷ್ಟೆಂದು ಪಡೆಯುವವನು ಆ ಮಾತಿನೊಳಗೆ ಹೇಗೆ ಬಂದಾನು? ಮಾಸಾಶನಕ್ಕೆ ಅರ್ಜಿ ಹಾಕಲು ಹೋದರೆ ಕೇಳುವುದು ದಾಖಲೆ. ನೇಮಕಾತಿ ಪತ್ರವನ್ನೇ ಕಾಣದವರು ಏನು ತೋರಿಸಬೇಕು? ಇದನ್ನು ಹೇಳದೆ ಬರೀ ವರದಿಗಾರನ ಮೇಲೆ ತಪ್ಪು ಹೊರಿಸುವುದು ಅನ್ಯಾಯ.

ನಿಧನವಾರ್ತೆಯಲ್ಲಿ ಒಂದು ಪದವಾಗಿ ಬಂದುಹೋಗುವ ಪತ್ನಿಯ ಪಾಲೂ ಈ ಲೆಕ್ಕದಲ್ಲಿ ಸೇರಬೇಕು. ಅವನು ಅಪಘಾತದ ಸ್ಥಳಕ್ಕೆ ಓಡಿದಾಗ ಚಂದಾದಾರರ ತಕರಾರು ಕೇಳಿದ್ದು, ಬಾಕಿ ಬರೆದಿಟ್ಟದ್ದು, ‘ನಮ್ಮ ಹೆಸರು ಯಾಕ ಹಾಕ್ಸಿಲ್ಲ’ ಎಂದು ಬಾಗಿಲಿಗೆ ಬಂದವರಿಗೆ ಚಹಾ ಕೊಟ್ಟು ಸಮಾಧಾನ ಹೇಳಿದ್ದು ಆಕೆ. ಸಂಸಾರವಂತ ಎಂಬ ಹೊಗಳಿಕೆಯೊಳಗೆ ಸಂಬಳವಿಲ್ಲದ ಇನ್ನೊಬ್ಬರ ದುಡಿಮೆ ಅಡಗಿದೆ.

ಅವನ ಕಡತಗಳು ಮನೆಯ ಟ್ರಂಕಿನಲ್ಲಿವೆ, ಹುಳು ಹಿಡಿಯುತ್ತಿವೆ. ಪತ್ರಿಕೆಗಳ ಅಂತರ್ಜಾಲದ ಸಂಗ್ರಹದಲ್ಲಿ ಹಳೆಯ ತಾಲ್ಲೂಕು ಪುಟಗಳನ್ನು ಹುಡುಕುವುದು ವ್ಯರ್ಥ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಹೆಸರಿಲ್ಲದವರ ಹಾಡು ಕಾಪಾಡುವ ಆ ಸಂಸ್ಥೆ ಹೆಸರಿಲ್ಲದೆ ಅಚ್ಚಾದ ಈ ವರದಿಗಳನ್ನೂ ನಾಲ್ಕು ತಾಲ್ಲೂಕಿನ ಮನೆಗಳಿಂದ ತರಿಸಿಕೊಂಡು, ಸ್ಕ್ಯಾನ್ ಮಾಡಿ, ಬರೆದವರ ಹೆಸರು ಸೇರಿಸಿ ಇಡಬೇಕು. ಶುರುವನ್ನು 1997ಕ್ಕಿಂತ ಹಿಂದಿನ ಕಡತಗಳಿಂದಲೇ ಮಾಡಬೇಕು. ಅವುಗಳನ್ನು ಬರೆದವರಲ್ಲಿ ಕೆಲವರಾದರೂ ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಸುದ್ದಿ ತಮ್ಮದು, ಯಾವುದನ್ನು ಬರೆಯಲಾಗಲಿಲ್ಲ ಎಂದು ಅವರನ್ನೇ ಕೇಳಬಹುದು.