ಬೇಡವೆಂದವರ ದನಿ

ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಗಂಡ ಏಚನನ್ನು ಅರಸನ ಆಜ್ಞೆಯಂತೆ ಕೊಂದ ಸುದ್ದಿ ತಿಳಿದು ದೇಕಬ್ಬೆ ಚಿತೆಯೇರಿದ ಕಥೆಯನ್ನು ಅದು ಪದ್ಯದಲ್ಲಿ ಹೇಳುತ್ತದೆ. ಪಾತಿವ್ರತ್ಯದ ಕಾವ್ಯವೆಂದು ಓದಿ, ಕವಿಗೆ ತಲೆದೂಗಿ, ನಾವು ಮುಂದೆ ಹೋಗುತ್ತೇವೆ.

ಆದರೆ ಕವಿ ಬರೀ ಹೊಗಳಿ ಸುಮ್ಮನಾಗಿಲ್ಲ. ಬೇಡವೆಂದು ಅಂಗಲಾಚಿದ ಹೆತ್ತವರನ್ನೂ ಬಂಧುಗಳನ್ನೂ ಕಲ್ಲಿನಲ್ಲಿ ಉಳಿಸಿದ್ದಾನೆ.

ಶ್ರವಣಬೆಳಗೊಳದ ನಿಸಿದಿ ಶಾಸನಗಳು ಹೇಳುವ ಸಾವು ಬೇರೆ ಬಗೆಯದು. ರಾಗದ್ವೇಷ ಕಳೆದುಕೊಂಡು ದೇಹ ಬಿಡುವ ಸಲ್ಲೇಖನ ಆತ್ಮಹತ್ಯೆಯಲ್ಲ ಎಂಬುದು ಪೂಜ್ಯಪಾದರ ವಾದ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧವೆಂದು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಾಗಲೂ ಚರ್ಚೆ ಈ ಭೇದದ ಸುತ್ತಲೇ ನಡೆಯಿತು. ಪೂಜ್ಯಪಾದರ ಅಳತೆಗೋಲಿನಲ್ಲಿ ದೇಕಬ್ಬೆಯ ಸಾವಿಗೆ ವೈರಾಗ್ಯದ ಸಮರ್ಥನೆ ಸಿಗದು. ಅದು ದುಃಖದ ಸಾವು.

ಹಾಗೆಂದು ಆಕೆಯನ್ನು ಪಾಪಿಯೆನ್ನಲು ನಾವು ಯಾರು? ಆಕೆಯ ಬದುಕು ಮುರಿದದ್ದು ಅರಸನ ಆಜ್ಞೆ. ಶಾಸನದಲ್ಲಿ ಅದು ಬರೀ ಸಂಗತಿಯಾಗಿ ಬಂದುಹೋಗುತ್ತದೆ, ಸಾವಿಗೆ ಮಾತ್ರ ಸ್ಮಾರಕ ಏಳುತ್ತದೆ. ಮುಂದೆ ತರಗತಿಯಲ್ಲಿ ಈ ಪದ್ಯಗಳು ಬಂದರೆ, ಬೇಡವೆಂದವರ ಭಾಗವನ್ನು ತುಸು ನಿಧಾನವಾಗಿ ಓದಿ. ಆ ಕಲ್ಲಿನಲ್ಲಿ ಆಕೆ ಬದುಕಲಿ ಎಂದು ಬಯಸಿದವರು ಅವರೊಬ್ಬರೇ.